ಒಂದರಿಂದ ಏಳು ಅಂದರೆ ಎಷ್ಟು ಡಿಗ್ರಿ?

ನಮ್ಮೂರು ಘಾಟಿ ಸುಬ್ರಹ್ಮಣ್ಯದ ಪಕ್ಕ. ಹಾಸ್ಟೆಲಿನಲ್ಲಿ ಯಾರಿಗೆ ಹೇಳಿದರೂ "ಓ, ದನಗಳ ಜಾತ್ರೆ ಆಗುತ್ತಲ್ಲ, ಅದೇ ಊರಾ?" ಅಂತಾರೆ. ಅದೇ ಊರು. ಡಿಸೆಂಬರ್ ಹೊತ್ತಿಗೆ ದನಗಳ ಜಾತ್ರೆ, ಪುಷ್ಯ ಶುದ್ಧ ಷಷ್ಠಿಗೆ ತೇರು. ಆದರೆ ನಮ್ಮ ಮನೆ ಮಟ್ಟಿಗೆ ಆ ಕಾಲ ಅಂದರೆ ಅವರೆಕಾಯಿ ಕಾಲ. ಜಾತ್ರೆಗೆ ಬಂದ ನೆಂಟರೆಲ್ಲ ಜಗಲಿ ಮೇಲೆ ಕೂತು ಕಾಯಿ ಸುಲಿಯೋದು, ರಾತ್ರಿ ಕಾಳು ನೆನೆಹಾಕೋದು, ಬೆಳಗ್ಗೆ ಎದ್ದು ಒಂದೊಂದೇ ಕಾಳು ಹಿತಕೋದು. ಅದರ ಕಷ್ಟ ಹಿತಕಿದವರಿಗೇ ಗೊತ್ತು. ಒಂದು ಸೇರು ಬೇಳೆ ಆಗೋ ಹೊತ್ತಿಗೆ ಬೆರಳ ತುದಿಯೆಲ್ಲ ಸುಕ್ಕುಗಟ್ಟಿ ಉರಿಯುತ್ತಿರುತ್ತೆ.

ಕಳೆದ ಜಾತ್ರೆಯಲ್ಲಿ ನಮ್ಮಜ್ಜಿ ಹೀಗೆ ನಾಲ್ಕು ಕೆಜಿ ಬೇಳೆ ಮಾಡಿ, ಕವರಿಗೆ ತುಂಬಿಸಿ ಫ್ರೀಜರಿನಲ್ಲಿ ಇಡಿಸಿದರು. ಬೆಂಗಳೂರಿನಲ್ಲಿರುವ ನಮ್ಮಕ್ಕ ಆಗ ಬಸುರಿ. ಯುಗಾದಿಗೆ ಬಂದಾಗ ಅವಳಿಗೆ ಹಿತಕಿದ ಬೇಳೆ ಸಾರು ಮಾಡಿ ಬಿಸಿ ಮುದ್ದೆ ಇಕ್ಕಬೇಕು ಅನ್ನೋದು ಅಜ್ಜಿಯ ಆಸೆ. ಯುಗಾದಿ ಬಂತು, ಅಕ್ಕನೂ ಬಂದಳು. ಕವರು ಬಿಚ್ಚಿದರೆ ಮುಗ್ಗಲು ವಾಸನೆ. ಬೇಳೆಯ ಬಣ್ಣ ಕಂದಿ, ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗಿತ್ತು. ನಾಲ್ಕೂ ಕೆಜಿ ತಿಪ್ಪೆ ಸೇರಿತು. ಅಜ್ಜಿ ಏನೂ ಅನ್ನಲಿಲ್ಲ, ಸುಮ್ಮನೆ ಒಳಗೆ ಹೋಗಿ ಮಲಗಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನ ಬರೀತಿರಲಿಲ್ಲ. ಅಪ್ಪನಿಗೆ ಸಿಟ್ಟು ಬಂತು. ಚಳಿಗಾಲ ಅಂತ 2ರಲ್ಲಿ ಇಟ್ಟಿದ್ದ ಫ್ರಿಜ್ಜಿನ ನಾಬನ್ನು ಒಂದೇ ಸಲಕ್ಕೆ 7ಕ್ಕೆ ತಿರುಗಿಸಿ, "ಇನ್ನು ಹೆಂಗೆ ಕೆಡುತ್ತೋ ನೋಡ್ತೀನಿ" ಅಂದರು. ಅದೇ ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಯ ಕೆಳಗಿನ ಟ್ರೇ ಒಳಗೆ ಅಜ್ಜಿಯ ಇನ್ಸುಲಿನ್ ಇತ್ತು. ಅದನ್ನ ಯಾರೂ ಯೋಚನೆ ಮಾಡಲಿಲ್ಲ.

ಯುಗಾದಿ ಕಳೆದು ಎರಡು ಮೂರು ವಾರಕ್ಕೆ ಅಜ್ಜಿಯ ಸಕ್ಕರೆ ಏರಿತು. "ಹಬ್ಬದಲ್ಲಿ ಏನಾದ್ರೂ ಸಿಹಿ ತಿಂದ್ರಾ?" ಅಂತ ಡಾಕ್ಟರು ಕೇಳಿದರಂತೆ. ಮನೆಯವರೆಲ್ಲ ಅಜ್ಜಿ ಮುಖ ನೋಡಿದರು. "ನಾನು ಒಬ್ಬಟ್ಟು ಮುಟ್ಟಿಲ್ಲ ಕಣಪ್ಪ" ಅಂದರು ಅಜ್ಜಿ. ಯಾರೂ ನಂಬಲಿಲ್ಲ. ಅಮ್ಮ ಬೆಲ್ಲದ ಡಬ್ಬ ಎತ್ತಿ ಅಟ್ಟದ ಮೇಲಿಟ್ಟರು. ನಾನು ಹಾಸ್ಟೆಲಿನಿಂದ ಫೋನ್ ಮಾಡಿ "ಅಜ್ಜಿ, ಸ್ವಲ್ಪ ಬಾಯಿ ಕಟ್ಟಬೇಕು" ಅಂತ ಬುದ್ಧಿ ಬೇರೆ ಹೇಳಿದೆ.

ರಜೆಗೆ ಊರಿಗೆ ಹೋದಾಗ ಒಂದು ಬೆಳಗ್ಗೆ ಅಜ್ಜಿಗೆ ಇನ್ಸುಲಿನ್ ತಂದುಕೊಡೋಕೆ ಫ್ರಿಜ್ ತೆಗೆದೆ. ಬಾಟಲಿ ಟ್ರೇಗೆ ಕಚ್ಚಿಕೊಂಡಿತ್ತು. ಕಿತ್ತು ನೋಡಿದರೆ ಒಳಗೆ ಐಸು. ಔಷಧಿ ಅಂಗಡಿಯವರನ್ನು ಕೇಳಿದೆ. "ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಹಾಕ್ಕೋಬಾರದು, ಬಿಸಾಕಿ" ಅಂದರು. ಹೊಸ ಬಾಟಲಿ ತಂದೆವು. ಕೆಲವೇ ದಿನಗಳಲ್ಲಿ ಸಕ್ಕರೆ ಹಿಡಿತಕ್ಕೆ ಬಂತು. ಅದೊಂದೇ ಕಾರಣ ಅಂತ ಆಣೆ ಮಾಡಿ ಹೇಳೋಕೆ ನಾನು ಡಾಕ್ಟರಲ್ಲ. ಆದರೆ ಅಜ್ಜಿ ಒಬ್ಬಟ್ಟು ತಿಂದಿರಲಿಲ್ಲ ಅನ್ನೋದು ನನಗೀಗ ಗೊತ್ತು. "ಅವತ್ತೇ ಹೇಳಿದ್ನಲ್ಲೋ ಮಗ, ಯಾರು ಕೇಳಿದ್ರಿ" ಅಂದ ಮಾತು ಇನ್ನೂ ಕಿವಿಯಲ್ಲಿದೆ.

ನಾಬ್ 2ರಲ್ಲಿದ್ದಾಗ ಬೇಳೆ ಹೋಯಿತು, 7ರಲ್ಲಿದ್ದಾಗ ಇನ್ಸುಲಿನ್ ಹೋಯಿತು. ಎರಡೂ ಸಲ ನಾವು ತಿರುಗಿಸಿದ್ದು ಅಂದಾಜಿನ ಮೇಲೆ. ಒಳಗೆ ಎಷ್ಟು ಡಿಗ್ರಿ ಇದೆ ಅಂತ ಮನೆಯಲ್ಲಿ ಒಬ್ಬರೂ ನೋಡಿರಲಿಲ್ಲ. ಆ ಒಬ್ಬರು ನಾನಾಗಬೇಕಿತ್ತು. ಥರ್ಮೋಡೈನಮಿಕ್ಸ್ ಪರೀಕ್ಷೆಯಲ್ಲಿ ಫ್ರಿಜ್ಜಿನ ಸೈಕಲ್ ಬಿಡಿಸಿ, ಬಾಣದ ಗುರುತು ಹಾಕಿ, ಹತ್ತಕ್ಕೆ ಒಂಬತ್ತು ತೆಗೆದುಕೊಂಡವನು ನಾನು. ಹದಿನಾರು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ನಿಂತಿರುವ ಫ್ರಿಜ್ಜಿಗೆ ಒಂದು ಥರ್ಮಾಮೀಟರ್ ಇಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಹಾಗಾಗಿ ಈ ಲೇಖನದಲ್ಲಿ ನಾನು ಹೇಳೋದು ಒಂದೇ ಮಾತು. ನಾಬಿನ ಮೇಲಿರುವ ಅಂಕಿ ತಾಪಮಾನ ಅಲ್ಲ. ಅಳೆಯದೆ ಅದನ್ನ ತಿರುಗಿಸಬೇಡಿ.

ಮೊದಲು, ಎಷ್ಟಿರಬೇಕು ಅನ್ನೋದನ್ನ ನೋಡೋಣ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರಬೇಕು. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮವೂ ಫ್ರೋಜನ್ ಆಹಾರಕ್ಕೆ ಇದೇ ಅಂಕಿಯನ್ನ ಹೇಳುತ್ತೆ. ಕೆಳಗಿನ ಭಾಗ, ಅಂದರೆ ಹಾಲು ತರಕಾರಿ ಇಡುವ ಜಾಗ, 4 ಡಿಗ್ರಿ ಆಸುಪಾಸಿನಲ್ಲಿರಬೇಕು. ಇನ್ಸುಲಿನ್‌ಗೆ 2ರಿಂದ 8.

ಈ 18 ಎಲ್ಲಿಂದ ಬಂತು ಅಂತ ನನಗೂ ಅನುಮಾನ ಇತ್ತು. 15 ಯಾಕಲ್ಲ, 20 ಯಾಕಲ್ಲ? ಇದು ಫ್ಯಾರನ್‌ಹೀಟ್ ಅಳತೆಯ ಸೊನ್ನೆ. ಸೊನ್ನೆ ಫ್ಯಾರನ್‌ಹೀಟ್ ಅಂದರೆ ಮೈನಸ್ 17.8 ಸೆಲ್ಸಿಯಸ್, ಅದನ್ನೇ 18 ಅಂತ ಮಾಡಿಕೊಂಡಿದ್ದಾರೆ. ಅಂಕಿ ಹಾಗೆ ಬಂದಿದ್ದರೂ ಅದರ ಹಿಂದೆ ಕಾರಣ ಇದೆ. ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದರೆ ಸೂಕ್ಷ್ಮಜೀವಿಗಳು ಬೆಳೆಯೋದು ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಸಾಯೋದಿಲ್ಲ, ನಿದ್ದೆ ಹೋಗುತ್ತವೆ ಅಷ್ಟೆ. ಕರಗಿಸಿದಾಗ ಮತ್ತೆ ಏಳುತ್ತವೆ. ಆದರೆ ಆಹಾರ ಕೆಡೋಕೆ ಜೀವಿಗಳೇ ಬೇಕಿಲ್ಲ. ಕಾಳಿನೊಳಗೇ ಇರುವ ಕಿಣ್ವಗಳು, ಕೊಬ್ಬಿಗೆ ಗಾಳಿ ತಾಗೋದು, ಇವು ಇನ್ನೂ ನಿಧಾನವಾಗಿ ಕೆಲಸ ಮಾಡ್ತಾನೇ ಇರುತ್ತವೆ. ಅದನ್ನೂ ತಿಂಗಳುಗಟ್ಟಲೆ ತಡೆದು ನಿಲ್ಲಿಸಬೇಕು ಅಂದರೆ ಮೈನಸ್ 18 ಬೇಕು.

ಇಲ್ಲೇ ನಮ್ಮ ಮನೆಯ ಮೊದಲ ತಪ್ಪು. "ಕಲ್ಲಿನಂಗೆ ಗಟ್ಟಿಯಾಗಿದೆ, ಇನ್ನೇನು ಬೇಕು" ಅಂತ ಅಮ್ಮ ಅನ್ನುತ್ತಿದ್ದರು. ಮೈನಸ್ 6ರಲ್ಲೂ ಬೇಳೆ ಗಟ್ಟಿಯಾಗಿಯೇ ಇರುತ್ತೆ. ಬೆರಳಿಗೆ ಮೈನಸ್ 6ಕ್ಕೂ ಮೈನಸ್ 18ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಬೇಳೆಗೆ ಗೊತ್ತಾಗುತ್ತೆ.

ಎರಡನೆಯದು ನಾಬಿನ ಕಥೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿರುವ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಇರೋದು ಒಂದೇ ನಾಬ್. ಮೇಲಿನ ಪೆಟ್ಟಿಗೆಗೂ ಕೆಳಗಿನ ಭಾಗಕ್ಕೂ ಅದೊಂದೇ. 1ರಿಂದ 7 ಅನ್ನೋದು ಕಂಪ್ರೆಸರ್ ಯಾವಾಗ ನಿಲ್ಲಬೇಕು ಅನ್ನೋದರ ಗುರುತು ಮಾತ್ರ. ಹೊರಗಿನ ಸೆಕೆ, ಒಳಗಿನ ಸಾಮಾನು, ಐಸಿನ ದಪ್ಪ, ಎಷ್ಟು ಸಲ ಬಾಗಿಲು ತೆಗೀತೀರಿ, ಎಷ್ಟು ಹೊತ್ತು ಕರೆಂಟ್ ಇತ್ತು, ಇದೆಲ್ಲ ಸೇರಿ ನಿಜವಾದ ಡಿಗ್ರಿ ಆಗೋದು. ಜನವರಿಯ 4ಕ್ಕೂ ಏಪ್ರಿಲ್‌ನ 4ಕ್ಕೂ ಒಂದೇ ಅರ್ಥ ಇಲ್ಲ.

ಎರಡು ಬಾಗಿಲಿನ ಫ್ರಿಜ್ ಇರೋರು ನಗಬೇಡಿ. ಅದರಲ್ಲಿ ಹಲವು ಮಾದರಿಗಳಲ್ಲಿ ತಾಪಮಾನ ನೋಡೋದು ಕೆಳಗಿನ ಭಾಗದಲ್ಲಿ. ಚಳಿಗಾಲದಲ್ಲಿ ಅಡುಗೆಮನೆಯೇ ತಣ್ಣಗಿದ್ದರೆ ಕೆಳಗಿನ ಭಾಗ ಬೇಗ ಬಿಸಿಯಾಗಲ್ಲ, ಕಂಪ್ರೆಸರ್ ಅಪರೂಪಕ್ಕೆ ಓಡುತ್ತೆ, ಮೇಲೆ ಫ್ರೀಜರ್ ಮೆಲ್ಲಗೆ ಬಿಸಿಯಾಗುತ್ತೆ. ಅವರೆಬೇಳೆ ತುಂಬಿಡೋ ಕಾಲ, ನಮ್ಮ ಕಡೆ ಚಳಿ ಕೊರೆಯೋ ಕಾಲ, ಎರಡೂ ಒಂದೇ ಅನ್ನೋದನ್ನ ಮರೀಬೇಡಿ.

ಸ್ಟಾರ್ ವಿಚಾರದಲ್ಲೂ ಒಂದು ಗೊಂದಲ ಇದೆ. ಅಂಗಡಿಯಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿರುವ ಸ್ಟಾರುಗಳು 2006ರಲ್ಲಿ ಶುರುವಾದ ವಿದ್ಯುತ್ ಉಳಿತಾಯದ ಗುರುತು. ಐದು ಸ್ಟಾರ್ ಅಂದರೆ ಕರೆಂಟ್ ಕಡಿಮೆ ಎಳೆಯುತ್ತೆ ಅಂತ ಅರ್ಥ, ಹೆಚ್ಚು ತಂಪು ಅಂತಲ್ಲ. ಫ್ರೀಜರಿನ ತಂಪಿಗೆ ಬೇರೆಯದೇ ನಕ್ಷತ್ರದ ಗುರುತು ಇದೆ. ಒಂದು ನಕ್ಷತ್ರ ಇದ್ದರೆ ಮೈನಸ್ 6, ಎರಡಿದ್ದರೆ ಮೈನಸ್ 12, ಮೂರಿದ್ದರೆ ಮೈನಸ್ 18. ಒಂದೇ ಬಾಗಿಲಿನ ಹಲವು ಫ್ರಿಜ್ಜುಗಳ ಮೇಲಿನ ಪೆಟ್ಟಿಗೆ ಮೈನಸ್ 18 ಮುಟ್ಟೋಕೆ ಅಂತ ಮಾಡಿದ್ದೇ ಅಲ್ಲ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: "ಅಷ್ಟೆಲ್ಲ ತಲೆಬಿಸಿ ಯಾಕೆ? ಪೂರ್ತಿ ತಿರುಗಿಸಿ ಬಿಟ್ಟರಾಯ್ತು, ಜಾಸ್ತಿ ತಣ್ಣಗಾದರೆ ನಷ್ಟವೇನು?" ಒಂದು ನಷ್ಟ ಅಜ್ಜಿಯ ಇನ್ಸುಲಿನ್. ಇನ್ನೊಂದನ್ನ ಲೆಕ್ಕ ಹಾಕೋಣ, ಹೇಗೂ ನಾವು ಇಂಜಿನಿಯರಿಂಗ್ ಓದೋರು. ಹೊರಗೆ 30 ಡಿಗ್ರಿ, ಫ್ರೀಜರ್ ಮೈನಸ್ 18 ಅಂದರೆ ವ್ಯತ್ಯಾಸ 48. ಅದನ್ನೇ ಮೈನಸ್ 24 ಮಾಡಿದರೆ ವ್ಯತ್ಯಾಸ 54. ಗೋಡೆಯ ಮೂಲಕ ಒಳಗೆ ನುಗ್ಗೋ ಶಾಖ ಎಂಟನೇ ಒಂದು ಭಾಗ ಹೆಚ್ಚಾಯಿತು. ಅದರ ಜೊತೆಗೆ ಇನ್ನೂ ತಣ್ಣನೆಯ ಜಾಗದಿಂದ ಶಾಖವನ್ನ ಹೊರಗೆ ಎತ್ತಿಹಾಕೋದು ಕಂಪ್ರೆಸರಿಗೆ ಇನ್ನೂ ಕಷ್ಟದ ಕೆಲಸ. ಕಾಯಿಲ್ ಮೈನಸ್ 28ರಲ್ಲೂ ಹಿಂದಿನ ಜಾಲರಿ 45ರಲ್ಲೂ ಇದೆ ಅಂತ ಇಟ್ಟುಕೊಂಡು ಕಾರ್ನೋ ಸೂತ್ರ ಹಾಕಿದರೆ, ಕಾಯಿಲನ್ನು ಆರು ಡಿಗ್ರಿ ಇಳಿಸಿದ್ದಕ್ಕೆ ದಕ್ಷತೆ ಸುಮಾರು ಶೇ. 10 ಕಡಿಮೆ. ಎರಡನ್ನೂ ಸೇರಿಸಿದರೆ ಫ್ರೀಜರಿಗೆ ಬೇಕಾದ ಕರೆಂಟ್ ಹತ್ತಿರ ಹತ್ತಿರ ಕಾಲು ಭಾಗ ಜಾಸ್ತಿ. ನಿಮ್ಮ ಕ್ಯಾಲ್ಕುಲೇಟರಿನಲ್ಲೂ ಹಾಕಿ ನೋಡಿ.

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದಿದೆ, ಬಿಲ್ ಸೊನ್ನೆ, ಇನ್ಯಾಕೆ ಚಿಂತೆ ಅನ್ನೋರೂ ಇದ್ದಾರೆ. ಆ ಯೋಜನೆ ಬಂದಾಗ ಉಚಿತ ಕೊಟ್ಟದ್ದು ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10ರಷ್ಟು. ಅದು ಮೀರಿದರೆ ಮೀರಿದ್ದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಸುಮ್ಮನೆ ನಾಬ್ ತಿರುಗಿಸಿದವರಿಗೆ ಅದು ಮೀಟರಿನಲ್ಲಿ ಕಾಣುತ್ತೆ. ಇನ್ನು ರಾತ್ರಿ ಹೊತ್ತು ಸ್ವಿಚ್ ಆಫ್ ಮಾಡಿ ಕರೆಂಟ್ ಉಳಿಸುವ ಪದ್ಧತಿಯೂ ನಮ್ಮ ಕಡೆ ಇದೆ. ಬೆಳಗ್ಗೆ ಕಂಪ್ರೆಸರ್ ಅಷ್ಟೂ ಹೊತ್ತಿನ ಶಾಖವನ್ನ ಎತ್ತಲೇಬೇಕು. ಉಳಿತಾಯ ಅಷ್ಟಕ್ಕಷ್ಟೆ. ಫ್ರೀಜರಿನಲ್ಲಿರೋದು ಮಾತ್ರ ದಿನಾ ಸ್ವಲ್ಪ ಸ್ವಲ್ಪ ಸಡಿಲಾಗಿ ಮತ್ತೆ ಗಟ್ಟಿಯಾಗುತ್ತೆ. ನಮ್ಮ ಬೇಳೆ ಗಡ್ಡೆ ಕಟ್ಟಿದ್ದೂ ಹಾಗೇ ಇರಬೇಕು, ಯಾಕೆಂದರೆ ನಮ್ಮದು ತೋಟದ ಮನೆ, ಕರೆಂಟ್ ಹೋಗಿ ಬರೋದು ಅಲ್ಲಿ ಹೊಸದೇನಲ್ಲ.

ಹಾಗಾದರೆ ಮಾಡೋದೇನು? ನಾನು ಮಾಡಿದ್ದನ್ನೇ ಹೇಳ್ತೀನಿ.

ಫ್ರಿಜ್ ಥರ್ಮಾಮೀಟರ್ ಒಂದು ತಂದೆ, ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು. ಜ್ವರ ನೋಡೋ ಥರ್ಮಾಮೀಟರ್ ಇದಕ್ಕೆ ಆಗಲ್ಲ, ಅದರ ಅಳತೆ ಶುರುವಾಗೋದೇ 35ರ ಸುತ್ತ. ಪ್ರಾಜೆಕ್ಟ್ ಮಾಡೋರ ಹತ್ತಿರ ಡಿಎಸ್18ಬಿ20 ಸೆನ್ಸರ್ ಇದ್ದರೆ ಅದೂ ಆಗುತ್ತೆ, ಮೈನಸ್ 55ರವರೆಗೆ ಓದುತ್ತೆ. ಮೊದಲು ಲೋಟದ ತುಂಬ ಪುಡಿ ಐಸು, ಸ್ವಲ್ಪ ನೀರು ಹಾಕಿ ಅದರಲ್ಲಿ ಅದ್ದಿ. ಸೊನ್ನೆ ತೋರಿಸಿದರೆ ಥರ್ಮಾಮೀಟರ್ ನಂಬಬಹುದು. ಆಮೇಲೆ ಫ್ರೀಜರಿನ ಪೊಟ್ಟಣಗಳ ಮಧ್ಯೆ ಇಟ್ಟು, ಮಾರನೇ ಬೆಳಗ್ಗೆ ಬೇರೆ ಯಾರೂ ಬಾಗಿಲು ತೆಗೆಯೋ ಮುಂಚೆ ಓದಿ. ಕೆಳಗಿನ ಭಾಗಕ್ಕೆ ಒಂದು ಲೋಟ ನೀರಿನಲ್ಲಿಟ್ಟು ಓದಿ.

7ರಲ್ಲಿ ನಮ್ಮ ಫ್ರೀಜರ್ ಮೈನಸ್ 20 ತೋರಿಸಿತು, ಕೆಳಗಿನ ಟ್ರೇ ಮೈನಸ್ 2. ಇನ್ಸುಲಿನ್ ಐಸಾಗದೆ ಇನ್ನೇನಾಗುತ್ತೆ? 2ಕ್ಕೆ ಇಳಿಸಿದೆ. ಫ್ರೀಜರ್ ಮೈನಸ್ 7, ಹಾಲಿಡೋ ಜಾಗ 10. ಎರಡು ಅಪರಾಧಗಳೂ ಅಲ್ಲೇ ಸಿಕ್ಕಿಬಿದ್ದವು.

ಆಮೇಲೆ ಅಪ್ಪ ನಾನು ಸೇರಿ ರಿಪೇರಿಗೆ ಇಳಿದೆವು. ಪೆಟ್ಟಿಗೆಯ ಸುತ್ತ ಬೆರಳು ದಪ್ಪ ಐಸು ಕಟ್ಟಿತ್ತು. ಐಸು ಅಂದರೆ ತಂಪು ಅಂತ ನಾವು ಖುಷಿಪಡ್ತೀವಿ, ನಿಜವಾಗಿ ಅದು ಕಾಯಿಲಿಗೆ ಹೊದಿಸಿದ ಕಂಬಳಿ. ಸಾಮಾನು ತೆಗೆದಿಟ್ಟು, ಡಿಫ್ರಾಸ್ಟ್ ಮಾಡಿ ತಾನಾಗಿ ಕರಗೋಕೆ ಬಿಟ್ಟೆವು. ದಯವಿಟ್ಟು ಚಾಕು ಹಾಕಿ ಕೆರೆಯಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಹೋಗುತ್ತೆ, ಫ್ರಿಜ್ಜೂ ಹೋಗುತ್ತೆ. ಬಾಗಿಲಿನ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿದೆವು. ಒಂದು ಮೂಲೆಯಲ್ಲಿ ಸಲೀಸಾಗಿ ಬಂತು. ರಬ್ಬರ್ ಬದಲಾಯಿಸಿದೆವು. ಗೋಡೆಗೆ ಒತ್ತಿಕೊಂಡಿದ್ದ ಫ್ರಿಜ್ಜನ್ನು ಒಂದು ಗೇಣು ಮುಂದಕ್ಕೆ ಎಳೆದೆವು, ಹಿಂದಿನ ಜಾಲರಿಗೆ ಗಾಳಿ ಬೇಕು.

ಇಷ್ಟಾದ ಮೇಲೆ ನಾಬ್ 4ರಿಂದ 5ರ ಮಧ್ಯೆ ಇಟ್ಟಾಗ ಫ್ರೀಜರ್ ಮೈನಸ್ 15, ಮಧ್ಯದ ತಟ್ಟೆ 4. ಇನ್ಸುಲಿನ್ ಟ್ರೇ ಬಿಟ್ಟು ಮಧ್ಯದ ತಟ್ಟೆಗೆ ಬಂತು. ಮೈನಸ್ 18 ಬರಲಿಲ್ಲ. ಬರೋದೂ ಇಲ್ಲ, ನಮ್ಮ ಫ್ರಿಜ್ಜಿನ ಶಕ್ತಿ ಅಷ್ಟೆ. ಗೊತ್ತಿದ್ದರೆ ಅದೂ ತೊಂದರೆ ಅಲ್ಲ. ವರ್ಷ ಇಡೋ ಆಸೆ ಬಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿದರಾಯ್ತು. ಬೇಳೆಯನ್ನ ಕುದಿಯೋ ನೀರಿಗೆ ಎರಡು ನಿಮಿಷ ಹಾಕಿ, ತಣ್ಣೀರಿನಲ್ಲಿ ಆರಿಸಿ, ಒರೆಸಿ ಇಟ್ಟರೆ ಕಿಣ್ವಗಳ ಕಾಟ ತಪ್ಪುತ್ತೆ. ಒಂದು ಕೆಜಿಯ ಗುಂಡು ಕವರಿನ ಬದಲು ಕಾಲು ಕೆಜಿಯ ಚಪ್ಪಟೆ ಪೊಟ್ಟಣ ಮಾಡಿದರೆ ಬೇಗ ಹೆಪ್ಪುಗಟ್ಟುತ್ತೆ. ಬೇಗ ಹೆಪ್ಪುಗಟ್ಟಿದರೆ ಐಸಿನ ಹರಳು ಸಣ್ಣದು, ಕಾಳು ಹಿಸುಕಿದಂತಾಗಲ್ಲ.

ಕರೆಂಟ್ ಹೋಗೋ ಊರಿನವರಿಗೆ ಇನ್ನೊಂದು ಉಪಾಯ. ಒಂದು ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನೀವು ಊರಲ್ಲಿ ಇಲ್ಲದಾಗ ಕರೆಂಟ್ ಹೋಗಿ ಐಸು ಕರಗಿದರೆ ನಾಣ್ಯ ತಳ ಸೇರಿರುತ್ತೆ. ಬಂದು ನೋಡಿದಾಗ ಎಲ್ಲ ಗಟ್ಟಿಯಾಗಿಯೇ ಕಂಡರೂ ನಾಣ್ಯ ಸುಳ್ಳು ಹೇಳಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತೆ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತೆ. ಅದು ಬೇರೆಯೇ ಬಾಗಿಲಿರುವ, ಚೆನ್ನಾಗಿ ತಣ್ಣಗಿರುವ ಫ್ರೀಜರಿನ ಮಾತು. ನಮ್ಮ ಪುಟ್ಟ ಪೆಟ್ಟಿಗೆಗೆ ಅಷ್ಟು ತಾಳ್ಮೆ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಯಾಕೆ ಅಂತ ಅನಿಸಬಹುದು. ನಮ್ಮೂರಿನಲ್ಲಿ ಅಳತೆ ಹೊಸದಲ್ಲ ಅನ್ನೋದಕ್ಕೇ ಹೇಳ್ತಿದೀನಿ. ಬೆಳಗ್ಗೆ ಡೇರಿಗೆ ಹಾಲು ಹಾಕೋಕೆ ಹೋದರೆ ಡಿಗ್ರಿ ನೋಡದೆ, ಫ್ಯಾಟ್ ನೋಡದೆ ಒಂದು ಲೀಟರೂ ತಗೊಳ್ಳಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆ ಇಡೋ ಫ್ರಿಜ್ಜಿನ ತಾಪಮಾನವನ್ನ ದಿನಕ್ಕೆ ಎರಡು ಸಲ ಬರೆದಿಡೋ ನಿಯಮ ಇದೆ. 2ಕ್ಕಿಂತ ಕೆಳಗೂ ಹೋಗಬಾರದು, 8ಕ್ಕಿಂತ ಮೇಲೂ ಏರಬಾರದು. ಅದೇ ಊರಿನ ಮನೆಗಳಲ್ಲಿ ಅದೇ ಥರದ ಪೆಟ್ಟಿಗೆಯೊಳಗೆ ಅಜ್ಜಿಯ ಔಷಧಿ, ಮಗುವಿನ ಹಾಲು ಇರುತ್ತೆ. ಅದನ್ನ ನೋಡೋರಿಲ್ಲ.

"ನಮ್ಮ ಹಿಂದಿನವರು ಫ್ರಿಜ್ಜೇ ಇಲ್ಲದೆ ಬದುಕಲಿಲ್ವಾ?" ಅಂತ ಅಪ್ಪ ಒಮ್ಮೆ ಗೊಣಗಿದರು. ಉತ್ತರ ಕೊಟ್ಟಿದ್ದು ಅಜ್ಜಿ. "ನಾವು ಕಾಳು ಒಣಗಿಸಿ ಇಡೋ ಮುಂಚೆ ಹಲ್ಲಲ್ಲಿ ಕಚ್ಚಿ ನೋಡ್ತಿದ್ವಿ. ಕಟ್ ಅಂದ್ರೆ ಮಡಿಕೆಗೆ, ಇಲ್ದಿದ್ರೆ ಇನ್ನೊಂದು ಬಿಸಿಲು. ನಿಮ್ಮ ಪೆಟ್ಟಿಗೇನ ಯಾರಪ್ಪ ಕಚ್ಚಿ ನೋಡೋರು?" ನಮ್ಮ ಅಜ್ಜಿಯಂದಿರು ಅಳೆದೇ ಇಡ್ತಿದ್ದರು. ಯಂತ್ರ ಬಂದ ಮೇಲೆ ಅಳೆಯೋದನ್ನ ಬಿಟ್ಟವರು ನಾವು.

ತಪ್ಪು ಮನೆಯವರದ್ದು ಮಾತ್ರ ಅಂತ ನಾನು ಹೇಳಲ್ಲ. ಫ್ರಿಜ್ ಮಾಡೋರು 1ರಿಂದ 7 ಅಂತ ಬರೆಯೋ ಬದಲು ಒಳಗಿನ ಡಿಗ್ರಿ ತೋರಿಸೋ ಒಂದು ಚಿಕ್ಕ ಪಟ್ಟಿ ಹಾಕಬಹುದು, ಅದಕ್ಕೆ ಭಾರೀ ಖರ್ಚೇನಿಲ್ಲ. ನಮ್ಮ ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಟ್ರೇ ಎಷ್ಟು ತಣ್ಣಗಾಗುತ್ತೆ, ಅಲ್ಲಿ ಏನು ಇಡಬಾರದು ಅಂತೆಲ್ಲ ಇತ್ತು. ಆದರೆ ಇಂಗ್ಲಿಷಿನಲ್ಲಿ. ಅಮ್ಮ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ದಿನಾ ಫ್ರಿಜ್ ಬಳಸೋದು ಅವರು, ಪುಸ್ತಕ ಓದೋಕೆ ಬರೋದು ನನಗೆ, ನಾನು ಇರೋದು ಹಾಸ್ಟೆಲಿನಲ್ಲಿ. ಕರ್ನಾಟಕದಲ್ಲಿ ಮಾರೋ ಫ್ರಿಜ್ಜಿಗೆ ಕನ್ನಡದಲ್ಲಿ ಒಂದು ಹಾಳೆ ಕೊಡಿ ಅಂತ ಕೇಳೋದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಅದು ಔಷಧಿ ಕೆಡದಂತೆ ನೋಡಿಕೊಳ್ಳೋ ಮಾತು.

ಅವರು ಕೊಡೋವರೆಗೆ ನಮ್ಮ ಕನ್ನಡ ಸಂಘವೇ ಒಂದು ಕೆಲಸ ಮಾಡಬಹುದು ಅಂತ ನನ್ನ ಸಲಹೆ. ಅಂಗೈಯಗಲದ ಒಂದು ಚೀಟಿ: "ಫ್ರೀಜರ್ ಮೈನಸ್ 18. ಕೆಳಗೆ 4. ಇನ್ಸುಲಿನ್ ಮಧ್ಯದ ತಟ್ಟೆಯಲ್ಲಿ, ಫ್ರೀಜರಿನ ಕೆಳಗೆ ಬೇಡ. ನಾಬ್ ತಿರುಗಿಸೋ ಮುಂಚೆ ಥರ್ಮಾಮೀಟರ್ ನೋಡಿ." ಅಷ್ಟೆ. ರಾಜ್ಯೋತ್ಸವದ ದಿನ ಬ್ಯಾಡ್ಜ್ ಹಂಚೋ ಜೊತೆಗೆ ಇದನ್ನೂ ಹಂಚೋಣ. ಒಬ್ಬೊಬ್ಬರು ಒಂದೊಂದು ಮನೆಗೆ ಅಂಟಿಸಿದರೂ ಎಷ್ಟು ಊರು ಮುಟ್ಟುತ್ತೆ ನೋಡಿ.

ಘಾಟಿಗೆ ಬಂದವರಿಗೆ ಗೊತ್ತಿರುತ್ತೆ. ಗರ್ಭಗುಡಿಯಲ್ಲಿ ಎದುರಿಗೆ ಕಾಣೋದು ಸುಬ್ರಹ್ಮಣ್ಯ. ಅದೇ ಶಿಲೆಯ ಹಿಂಬದಿಯಲ್ಲಿ ನರಸಿಂಹ ಇದ್ದಾನೆ, ಅವನನ್ನ ನೋಡೋಕೆ ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ. ಹಿಂದೆ ಇರೋದು ಇದ್ದೇ ಇರುತ್ತೆ, ಕನ್ನಡಿ ಇಲ್ಲದಿದ್ದರೆ ನಮಗೆ ಕಾಣಲ್ಲ. ಈ ಸಲ ಊರಿಗೆ ಹೋದಾಗ ಅಜ್ಜಿಗೆ ಥರ್ಮಾಮೀಟರ್ ಹಾಗೇ ಅಂತ ಹೇಳಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಅದನ್ನ ತಿರುಗಿಸಿ ತಿರುಗಿಸಿ ನೋಡಿದರು.

ಈಗ ದಿನಾ ಬೆಳಗ್ಗೆ ಅಂಕಿ ಓದೋದು ಅವರೇ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಬರೆದಿಡ್ತಾರೆ. ಮೊನ್ನೆ ಫೋನ್ ಮಾಡಿದಾಗ "ಇವತ್ತು ನಾಲ್ಕು ಕಣೋ" ಅಂದರು. ಈ ಜಾತ್ರೆಗೆ ಎಷ್ಟು ಬೇಳೆ ಮಾಡ್ತೀರಿ ಅಂತ ಕೇಳಿದೆ. ಎರಡೇ ಕೆಜಿಯಂತೆ. ಅಕ್ಕನ ಮಗುವಿಗೆ ಅನ್ನಪ್ರಾಶನ ಸಂಕ್ರಾಂತಿ ಕಳೆದು ಮೂರು ವಾರಕ್ಕೆ, ಅಲ್ಲಿವರೆಗೆ ಕೆಡಲ್ಲ ಅಂತ ಅವರೇ ಲೆಕ್ಕ ಹಾಕಿದ್ದಾರೆ.

ನಿಮ್ಮ ಮನೆ ಫ್ರೀಜರಿನಲ್ಲಿ ಈಗ ಎಷ್ಟು ಡಿಗ್ರಿ ಇದೆ? ಗೊತ್ತಿಲ್ಲ ಅಂದರೆ ಈ ಭಾನುವಾರ ಊರಿಗೆ ಹೋದಾಗ ನೋಡಿ ಬನ್ನಿ.